ಕೋವಿಯ ಬಲ ಮತ್ತು ಹಿಂದೊದೆತ: ಒಂದು ತೌಲನಿಕ ವಿವೇಚನೆ

ಅಘನಾಶಿನಿಯ ಅಳಿವೆಯಲ್ಲಿ ತದಡಿಯಿಂದ ಆಚೆಯ ದಡಕ್ಕೆ ದೋಣಿಯಲ್ಲಿ ಹೋಗಿ ಬಲ್ಲವರಿಗೆ ಒಂದು ಸಂಗತಿ ಚಿರಪರಿಚಿತವಾದುದು. ದೋಣಿಯು ದಡ ಮುಟ್ಟುವ ಮೊದಲೇ ಅವಸರದಿಂದ ದಡಕ್ಕೆ ನೆಗೆಯುವವನು ಮುಂದೆ ಸಾಗುತ್ತಿರುವಂತೆ ದೋಣಿಯು ಹಿಂದಕ್ಕೆ ಸರಿಯುತ್ತದೆ. ದೋಣಿ ಚಿಕ್ಕದಾದಷ್ಟೂ ಸರಿತ ಹೆಚ್ಚು. ನೆಗೆಯುವವನು ಭಾರವಾದಷ್ಟೂ ಸರಿತ ಹೆಚ್ಚು. ಹೊಳೆಯ ದಂಡೆಯ ಮಕ್ಕಳು ನ್ಯೂಟನ್ನನ ಹೆಸರನ್ನು ಕೇಳುವ ಮುನ್ನವೇ ಅವನ ಮೂರನೆಯ ನಿಯಮವನ್ನು ಕಾಲಿನಿಂದ ಕಲಿತಿರುತ್ತಾರೆ. ಶಾಲೆಗೆ ಬಂದ ಮೇಲೆ ಅದನ್ನೇ ಬಾಯಿಯಿಂದ ಕಲಿಯುತ್ತಾರೆ: ಪ್ರತಿಯೊಂದು ಕ್ರಿಯೆಗೂ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇದೆ. ಉದಾಹರಣೆ ಕೇಳಿದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: ಕೋವಿಯ ಒದೆತ.

ಆದರೆ ಈ ಉತ್ತರದೊಳಗೆ ಒಂದು ಪ್ರಶ್ನೆ ಅಡಗಿದೆ. ಕ್ರಿಯೆ ಪ್ರತಿಕ್ರಿಯೆಗಳು ನಿಜವಾಗಿಯೂ ಸಮವಾಗಿದ್ದರೆ, ಗುಂಡು ತಗುಲಿದ ಹಲಗೆ ಸೀಳಿಹೋಗುವಾಗ ಕೋವಿ ತಾಗಿದ ಭುಜವೇಕೆ ಸೀಳುವುದಿಲ್ಲ? ಈ ಪ್ರಶ್ನೆಗೆ ಉತ್ತರ ಹೇಳದೆ ನಿಯಮವನ್ನು ಕಂಠಪಾಠ ಮಾಡಿಸುವುದು ಬೀಗವನ್ನು ಕೊಟ್ಟು ಕೀಲಿಯನ್ನು ಇಟ್ಟುಕೊಂಡಂತೆ. ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳಲ್ಲಿ ಈ ಪ್ರಶ್ನೆ ಕೇವಲ ಪಠ್ಯಪುಸ್ತಕದ್ದಲ್ಲ. ಘಟ್ಟದ ಅಡಿಯ ಅಡಕೆ ತೋಟಗಳ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿಗಳಿವೆ. ಚುನಾವಣೆ ಬಂದಾಗ ಅವನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರುವ ಹಿರಿಯರನ್ನು ಮಕ್ಕಳು ಕಂಡಿದ್ದಾರೆ. ಕೋವಿಯ ಬಗೆಗಿನ ತಪ್ಪು ತಿಳಿವಳಿಕೆ ಇಂತಹ ಮನೆಯಲ್ಲಿ ಪರೀಕ್ಷೆಯ ಒಂದೆರಡು ಅಂಕಗಳನ್ನಷ್ಟೇ ಕಳೆಯುವುದಿಲ್ಲ. ಕೈಯನ್ನೋ ಕಣ್ಣನ್ನೋ ಕಳೆಯಬಲ್ಲದು. ಆದುದರಿಂದ ಬಲ ಮತ್ತು ಒದೆತಗಳ ಸಂಬಂಧವನ್ನು ಕ್ರಮವಾಗಿ ವಿವೇಚಿಸುವುದು ಉಚಿತವಾಗಿದೆ. ಈ ಸಂಬಂಧವು ದೊಡ್ಡ ನಳಿಗೆಯ ರಿವಾಲ್ವರ್ ತೋಟಾಗಳಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದು. ಏಕೆಂದರೆ ಅಲ್ಲಿ ಒದೆತವನ್ನು ತಾಳಬೇಕಾದುದು ಭುಜವಲ್ಲ, ಬರಿಯ ಮಣಿಕಟ್ಟು.

ಎರಡು ಬಗೆಯ ಲೆಕ್ಕ

ಚಲಿಸುವ ವಸ್ತುವಿನ ಸಾಮರ್ಥ್ಯವನ್ನು ಎರಡು ಬಗೆಯಾಗಿ ಅಳೆಯಬಹುದು. ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದು ಸಂವೇಗ. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಬರುವುದು ಚಲನಶಕ್ತಿ. ವೇಗವು ಇಮ್ಮಡಿಯಾದರೆ ಸಂವೇಗ ಇಮ್ಮಡಿಯಾಗುತ್ತದೆ, ಚಲನಶಕ್ತಿಯಾದರೋ ನಾಲ್ಮಡಿಯಾಗುತ್ತದೆ.

ಮತ್ತೆ ದೋಣಿಗೆ ಬರೋಣ. ನೆಗೆಯುವವನ ತೂಕ 60 ಕಿಲೋಗ್ರಾಂ, ದೋಣಿಯ ತೂಕ 120 ಕಿಲೋಗ್ರಾಂ, ನೆಗೆತದ ವೇಗ ಸೆಕೆಂಡಿಗೆ 2 ಮೀಟರ್ ಎಂದು ಭಾವಿಸಿದರೆ ಅವನ ಸಂವೇಗ 120. ದೋಣಿಗೂ ಅಷ್ಟೇ ಸಂವೇಗ ಬರಬೇಕು. ಆದುದರಿಂದ ಅದು ಸೆಕೆಂಡಿಗೆ 1 ಮೀಟರ್ ವೇಗದಿಂದ ಹಿಂದೆ ಸರಿಯುತ್ತದೆ. ಸಂವೇಗಗಳು ಸಮವಾದುವು. ಚಲನಶಕ್ತಿ? ನೆಗೆದವನದು 120 ಜೂಲ್, ದೋಣಿಯದು 60 ಜೂಲ್. ದೋಣಿಯು ಎರಡರಷ್ಟು ಭಾರವಿದ್ದುದರಿಂದ ಅದಕ್ಕೆ ದೊರೆತ ಶಕ್ತಿ ಅರ್ಧ. ಹಿಂದೊದೆತದ ಗುಟ್ಟೆಲ್ಲವೂ ಇಷ್ಟೇ: ಸಂವೇಗದ ಹಂಚಿಕೆ ಸಮಪಾಲು, ಶಕ್ತಿಯ ಹಂಚಿಕೆ ತೂಕಕ್ಕೆ ವಿಲೋಮ. ಹಗುರವಾದುದು ಹೆಚ್ಚು ಶಕ್ತಿಯನ್ನು ಕೊಂಡೊಯ್ಯುತ್ತದೆ, ಭಾರವಾದುದಕ್ಕೆ ಕಡಿಮೆ ಉಳಿಯುತ್ತದೆ.

ಈ ತತ್ತ್ವವನ್ನು ಸೂತ್ರವಾಗಿ ಅರಿಯುವ ಮೊದಲೇ ಮನುಷ್ಯನು ಅದಕ್ಕೆ ಬೆಲೆ ತೆತ್ತಿದ್ದನು. 1542ರಲ್ಲಿ ಭಟ್ಕಳದ ಮೇಲೆ ಎರಗಿದ ಪೋರ್ಚುಗೀಸರ ಹಡಗುಗಳ ಫಿರಂಗಿಗಳಿಗೂ, 1783–84ರಲ್ಲಿ ಕ್ಯಾಪ್ಟನ್ ಟೊರಿಯಾನೋ ಎಂಬ ಇಂಗ್ಲಿಷ್ ಅಧಿಕಾರಿಯು ಹೊನ್ನಾವರದ ಕೋಟೆಯನ್ನು ಹಿಡಿದು ನಿಂತಿದ್ದಾಗ ಟಿಪ್ಪುವಿನ ಸೈನ್ಯವು ಹೂಡಿದ ಮುತ್ತಿಗೆಯ ಫಿರಂಗಿಗಳಿಗೂ ಈ ನಿಯಮ ಒಂದೇ ಆಗಿತ್ತು. ಆ ಕಾಲದ ಫಿರಂಗಿಯು ಒಂದು ಗುಂಡು ಹಾರಿಸಿ ತನ್ನ ಗಾಡಿಯೊಡನೆ ಹಿಂದಕ್ಕೆ ಉರುಳುತ್ತಿತ್ತು. ಅದನ್ನು ಮತ್ತೆ ಮುಂದೆ ತಳ್ಳಿ ಗುರಿಯಿಡುವುದೇ ಗೋಲಂದಾಜರ ದೊಡ್ಡ ಶ್ರಮವಾಗಿತ್ತು. ಫಿರಂಗಿಯನ್ನು ಗುಂಡಿಗಿಂತ ನೂರಾರು ಪಟ್ಟು ಭಾರವಾಗಿ ಎರಕ ಹೊಯ್ಯುತ್ತಿದ್ದುದಕ್ಕೆ ನಳಿಗೆ ಒಡೆಯಬಾರದೆಂಬುದು ಒಂದು ಕಾರಣವಾದರೆ, ಒದೆತ ತಗ್ಗಬೇಕೆಂಬುದು ಇನ್ನೊಂದು. ರಿವಾಲ್ವರಿನಲ್ಲಿ ಈ ಅನುಕೂಲವಿಲ್ಲ. ಅದನ್ನು ಸೊಂಟದಲ್ಲಿ ಹೊರಬೇಕು, ಕೈಯಲ್ಲಿ ಎತ್ತಬೇಕು. ಆದುದರಿಂದಲೇ ಅಲ್ಲಿ ಬಲದ ಆಸೆಗೂ ಒದೆತದ ಭಯಕ್ಕೂ ನೇರವಾದ ಹಣಾಹಣಿ.

ಹೆಸರಿನ ಅಂಕಿ ಬಲದ ಅಂಕಿಯಲ್ಲ

ತೋಟಾಗಳ ಹೆಸರಿನಲ್ಲಿ ಬರುವ .32, .38, .455 ಮೊದಲಾದ ಅಂಕಿಗಳು ಅಂಗುಲದ ದಶಮಾಂಶಗಳು. ಇವು ನಳಿಗೆಯ ಅಥವಾ ಗುಂಡಿನ ಅಡ್ಡಳತೆಯನ್ನು ಸ್ಥೂಲವಾಗಿ ಸೂಚಿಸುತ್ತವೆ. ಹಲವು ಸಲ ಅದನ್ನೂ ಸರಿಯಾಗಿ ಸೂಚಿಸುವುದಿಲ್ಲ. .44 ಮ್ಯಾಗ್ನಮ್ ಎಂಬುದರ ಗುಂಡು ವಾಸ್ತವದಲ್ಲಿ .429 ಅಂಗುಲದ್ದು. .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್ ಎಂಬ ಎರಡು ತೋಟಾಗಳ ಗುಂಡುಗಳ ಅಡ್ಡಳತೆ ಒಂದೇ. ಬಲ ಮಾತ್ರ ಬಹಳ ಬೇರೆ. ಆದಕಾರಣ ಅಂಕಿ ದೊಡ್ಡದಾದುದರಿಂದ ಬಲವೂ ದೊಡ್ಡದೆಂಬ ಸಾಮಾನ್ಯ ನಂಬಿಕೆಗೆ ಆಧಾರವಿಲ್ಲ. ಇದನ್ನು ಕೆಳಗಿನ ಪಟ್ಟಿ ತೋರಿಸುತ್ತದೆ. ಒಂದೇ ಹೆಸರಿನ ತೋಟಾವನ್ನು ಹಲವು ತೂಕದ ಗುಂಡು, ಹಲವು ಪ್ರಮಾಣದ ಮದ್ದುಗಳೊಡನೆ ತಯಾರಿಸುವುದುಂಟು. ಇಲ್ಲಿ ಪ್ರತಿಯೊಂದರ ರೂಢಿಯ ಒಂದು ಮಾದರಿಯನ್ನು ಆರಿಸಿ, ಗುಂಡಿನ ತೂಕ, ಸೆಕೆಂಡಿಗೆ ಮೀಟರುಗಳಲ್ಲಿ ವೇಗ, ಚಲನಶಕ್ತಿ ಮತ್ತು ಸಂವೇಗಗಳನ್ನು ಕ್ರಮವಾಗಿ ಕೊಟ್ಟಿದೆ.

.32 ಎಸ್. ಅಂಡ್ ಡಬ್ಲ್ಯು. ಲಾಂಗ್: 6.35 ಗ್ರಾಂ, 215, 147 ಜೂಲ್, 1.37
.380 ಬ್ರಿಟಿಷ್ ಸೇನಾ ತೋಟಾ: 13 ಗ್ರಾಂ; 190; 235 ಜೂಲ್; 2.47
.455 ವೆಬ್ಲೆ: 17.2 ಗ್ರಾಂ; 183; 288 ಜೂಲ್; 3.15
.45 ಕೋಲ್ಟ್: 16.5 ಗ್ರಾಂ, 262, 566 ಜೂಲ್, 4.32
.357 ಮ್ಯಾಗ್ನಮ್: 10.2 ಗ್ರಾಂ, 376, 721 ಜೂಲ್, 3.84
.44 ಮ್ಯಾಗ್ನಮ್: 15.6 ಗ್ರಾಂ, 360, 1,011 ಜೂಲ್, 5.62
.454 ಕ್ಯಾಸಲ್: 19.4 ಗ್ರಾಂ, 495, 2,377 ಜೂಲ್, 9.60
.500 ಎಸ್. ಅಂಡ್ ಡಬ್ಲ್ಯು.: 25.9 ಗ್ರಾಂ, 510, 3,368 ಜೂಲ್, 13.21

ಪಟ್ಟಿಯಿಂದ ಮೊದಲು ಗಮನಿಸತಕ್ಕುದು .455 ವೆಬ್ಲೆ ಮತ್ತು .357 ಮ್ಯಾಗ್ನಮ್‌ಗಳ ವ್ಯತ್ಯಾಸ. ಅಗಲದಲ್ಲಿಯೂ ತೂಕದಲ್ಲಿಯೂ ವೆಬ್ಲೆಯ ಗುಂಡು ದೊಡ್ಡದು. ಆದರೂ ಅದರ ಶಕ್ತಿ.357ರ ಅರ್ಧಕ್ಕಿಂತ ಕಡಿಮೆ. ವೆಬ್ಲೆಯು 1890ರ ದಶಕದ್ದು. ಭಾರವಾದ ಸೀಸವನ್ನು ನಿಧಾನವಾಗಿ ಕಳುಹಿಸುವುದು ಅಂದಿನ ರೀತಿ. .357 ಹುಟ್ಟಿದ್ದು 1930ರ ದಶಕದಲ್ಲಿ. ಹಗುರವಾದ ಗುಂಡನ್ನು ಇಮ್ಮಡಿ ವೇಗದಲ್ಲಿ ಕಳುಹಿಸುವುದು ಅದರ ರೀತಿ.

ಎರಡನೆಯದಾಗಿ, .45 ಕೋಲ್ಟ್ ಮತ್ತು .357ಗಳನ್ನು ಹೋಲಿಸಬೇಕು. ಶಕ್ತಿಯಲ್ಲಿ .357 ಸುಮಾರು ಕಾಲು ಪಾಲಿನಷ್ಟು ಮುಂದಿದೆ. ಗುಂಡಿನ ಸಂವೇಗದಲ್ಲಿ ಅದು ಹಿಂದಿದೆ. ಎಂದರೆ ಯಾವುದು ದೊಡ್ಡದೆಂಬ ಪ್ರಶ್ನೆಗೆ ಎರಡು ಲೆಕ್ಕಗಳು ಎರಡು ಉತ್ತರ ಕೊಡುತ್ತವೆ. ಇಲ್ಲಿ ಒಂದು ತಿದ್ದುಪಡಿ ಅವಶ್ಯ. ನಳಿಗೆಯಿಂದ ಹೊರಡುವುದು ಗುಂಡೊಂದೇ ಅಲ್ಲ. ಉರಿದ ಮದ್ದಿನ ಅನಿಲವೂ ಗುಂಡಿಗಿಂತ ಹೆಚ್ಚಿನ ವೇಗದಿಂದ ಹೊರಚಿಮ್ಮುತ್ತದೆ. ಅದರ ಸಂವೇಗವೂ ಕೈಯ ಲೆಕ್ಕಕ್ಕೆ ಸೇರುತ್ತದೆ. ಮ್ಯಾಗ್ನಮ್ ತೋಟಾಗಳಲ್ಲಿ ಮದ್ದು ಹೆಚ್ಚಾಗಿರುವುದರಿಂದ ಈ ಪಾಲು ಅಲ್ಲಿ ದೊಡ್ಡದು. ಅದನ್ನೂ ಕೂಡಿಸಿದರೆ ಈ ಎರಡು ತೋಟಾಗಳ ಒದೆತ ಸರಿಸುಮಾರು ಒಂದೇ ಮಟ್ಟಕ್ಕೆ ಬರುತ್ತದೆ. ಮುಂದಿನ ಲೆಕ್ಕಗಳಲ್ಲಿ ಸರಳತೆಗಾಗಿ ಗುಂಡನ್ನು ಮಾತ್ರ ಹಿಡಿದಿದೆ. ನಿಜವಾದ ಒದೆತ ಇದಕ್ಕಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಕೈಗೆ ಬರುವ ಪಾಲು

ಗುಂಡಿನ ಸಂವೇಗವನ್ನು ಆಯುಧದ ತೂಕದಿಂದ ಭಾಗಿಸಿದರೆ ಆಯುಧವು ಹಿಂದೆ ಸರಿಯುವ ವೇಗ ದೊರೆಯುತ್ತದೆ. ವೆಬ್ಲೆಯ ಆರನೆಯ ಮಾದರಿಯ ರಿವಾಲ್ವರಿನ ತೂಕ ಸುಮಾರು 1.1 ಕಿಲೋಗ್ರಾಂ. 3.15ನ್ನು 1.1ರಿಂದ ಭಾಗಿಸಿದರೆ ಸೆಕೆಂಡಿಗೆ 2.86 ಮೀಟರ್. ಕೈಗೆ ಬರುವ ಶಕ್ತಿ 4.5 ಜೂಲ್. ಗುಂಡು ಕೊಂಡೊಯ್ದುದು 288 ಜೂಲ್. ಕೈಗೆ ಬಂದುದು 4.5 ಜೂಲ್. ಅನುಪಾತ ಒಂದಕ್ಕೆ 64. ಆಯುಧದ ತೂಕವು ಗುಂಡಿನ ತೂಕದ ಎಷ್ಟು ಪಟ್ಟು ಎಂದು ನೋಡಿದರೆ ಅದೂ 64. ಭುಜವೇಕೆ ಸೀಳುವುದಿಲ್ಲವೆಂಬ ಪ್ರಶ್ನೆಗೆ ಇದೇ ಉತ್ತರ. ಸಂವೇಗ ಸಮವಾಗಿಯೇ ಇದೆ. ನ್ಯೂಟನ್ನನ ನಿಯಮ ಸುಳ್ಳಾಗಲಿಲ್ಲ. ಆದರೆ ಹಲಗೆಯನ್ನು ಸೀಳುವ ಶಕ್ತಿಯು ಹಗುರವಾದ ಗುಂಡಿನೊಡನೆ ಹೊರಟುಹೋಯಿತು. ಇದಲ್ಲದೆ ಗುಂಡು ತನ್ನ ಶಕ್ತಿಯನ್ನು ಬೆರಳಗಲದ ಜಾಗದಲ್ಲಿ ಸುರಿಯುತ್ತದೆ. ಹಿಡಿಕೆಯು ತನ್ನ ಪಾಲನ್ನು ಅಂಗೈಯಗಲ ಹರಡುತ್ತದೆ.

ಇದೇ ರೀತಿ ಉಳಿದವುಗಳ ಲೆಕ್ಕ ಮಾಡಬಹುದು. 700 ಗ್ರಾಂ ತೂಕದ .32 ರಿವಾಲ್ವರಿನಲ್ಲಿ ಕೈಗೆ ಬರುವುದು 1.3 ಜೂಲ್. 1.2 ಕಿಲೋಗ್ರಾಂ ತೂಕದ .357ರಲ್ಲಿ 6.1 ಜೂಲ್. 1.35 ಕಿಲೋಗ್ರಾಂ ತೂಕದ .44 ಮ್ಯಾಗ್ನಮ್‌ನಲ್ಲಿ 11.7 ಜೂಲ್. 1.4 ಕಿಲೋಗ್ರಾಂ ತೂಕದ .454 ಕ್ಯಾಸಲ್‌ನಲ್ಲಿ 33 ಜೂಲ್. 2003ರಲ್ಲಿ ಬಂದ .500 ರಿವಾಲ್ವರು 2 ಕಿಲೋಗ್ರಾಂ ತೂಗುತ್ತದೆ. ಅದರಲ್ಲಿ 44 ಜೂಲ್. .32ರಿಂದ .500ಕ್ಕೆ ಹೋದಾಗ ಗುಂಡಿನ ಶಕ್ತಿ 23 ಪಟ್ಟು ಏರಿತು. ಆಯುಧವನ್ನು ಸುಮಾರು ಮೂರು ಪಟ್ಟು ಭಾರ ಮಾಡಿದ ಬಳಿಕವೂ ಕೈಯ ಒದೆತ 33 ಪಟ್ಟು ಏರಿತು. ಬಲವನ್ನು ಕೊಳ್ಳುವವನು ಒದೆತವನ್ನು ಅದಕ್ಕಿಂತ ತುಟ್ಟಿಯ ದರದಲ್ಲಿ ಕೊಳ್ಳುತ್ತಾನೆ.

ಇದನ್ನು ಮನೆಯ ಅಳತೆಯಲ್ಲಿಯೂ ಹೇಳಬಹುದು. ತೋಟದ ಮನೆಯ 12 ಬೋರಿನ ತೋಟೆ ಕೋವಿಯು 32 ಗ್ರಾಂ ಚರೆಯನ್ನು ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಲ್ಲಿ ಕಳುಹಿಸುತ್ತದೆಂದು ಹಿಡಿದರೆ ಅದರ ಸಂವೇಗ 11.8. ಎಂದರೆ ಎರಡು ಕೈಯಲ್ಲಿ ಹಿಡಿದು ಭುಜಕ್ಕೆ ಒತ್ತಿ ಹಾರಿಸುವ ಮೂರು ಕಿಲೋಗ್ರಾಂನ ಕೋವಿಗಿಂತ ದೊಡ್ಡ ಒದೆತವನ್ನು .500 ರಿವಾಲ್ವರು ಮಣಿಕಟ್ಟಿನ ಮೇಲೆ ಹೊರಿಸುತ್ತದೆ. ಅದರ ಮೇಲೆ ಇನ್ನೊಂದು ತೊಡಕು. ರಿವಾಲ್ವರಿನ ನಳಿಗೆ ಕೈಯ ಹಿಡಿತಕ್ಕಿಂತ ಮೇಲಿರುತ್ತದೆ. ಆದುದರಿಂದ ಒದೆತವು ನೇರವಾಗಿ ಹಿಂದೆ ಬಾರದೆ ಮೂತಿಯನ್ನು ಮೇಲಕ್ಕೆ ಎತ್ತುತ್ತದೆ, ಮಣಿಕಟ್ಟನ್ನು ತಿರುಚುತ್ತದೆ.

ಒಂದು ಸೈನ್ಯ ಕಲಿತ ಪಾಠ

ಹೆಚ್ಚು ಬಲವೇ ಹೆಚ್ಚು ಉಪಯೋಗವೇ? ಈ ಪ್ರಶ್ನೆಗೆ ಬ್ರಿಟಿಷ್ ಸೈನ್ಯದ ಅನುಭವ ಉತ್ತರ ಕೊಡುತ್ತದೆ. ಒಂದನೆಯ ಮಹಾಯುದ್ಧದಲ್ಲಿ ಅದರ ಅಧಿಕಾರಿಗಳು .455 ವೆಬ್ಲೆಯನ್ನು ಧರಿಸಿದ್ದರು. ಯುದ್ಧಾನಂತರ, ಅಲ್ಪಕಾಲದ ತರಬೇತಿ ಪಡೆದ ಸೈನಿಕನಿಗೆ ಇಷ್ಟು ಭಾರವಾದ, ಇಷ್ಟು ಒದೆಯುವ ಆಯುಧ ಒಗ್ಗದೆಂದು ಮನಗಂಡು, ಹಗುರವಾದ .380 ತೋಟಾದ ಎನ್‌ಫೀಲ್ಡ್ ರಿವಾಲ್ವರನ್ನು 1932ರಲ್ಲಿ ಅಂಗೀಕರಿಸಲಾಯಿತು. ಬಲವನ್ನು ಬುದ್ಧಿಪೂರ್ವಕವಾಗಿ ಕಡಿಮೆ ಮಾಡಿಕೊಂಡ ನಿದರ್ಶನವಿದು.

ಆದರೆ ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ಇನ್ನೊಂದು ಸೂಕ್ಷ್ಮ ಕಾಣುತ್ತದೆ. ಎನ್‌ಫೀಲ್ಡಿನ ತೂಕ ಸುಮಾರು 765 ಗ್ರಾಂ ಮಾತ್ರ. ಹಳೆಯ ವೆಬ್ಲೆಯ ತೂಕವನ್ನೇ ಉಳಿಸಿಕೊಂಡು .380 ತೋಟಾವನ್ನು ಬಳಸಿದ್ದರೆ ಕೈಯ ಒದೆತ 2.8 ಜೂಲಿಗೆ ಇಳಿಯುತ್ತಿತ್ತು. ಆಯುಧವನ್ನೂ ಹಗುರ ಮಾಡಿದುದರಿಂದ ಅದು 4 ಜೂಲಿನಲ್ಲಿ ನಿಂತಿತು. ತೋಟಾದಲ್ಲಿ ಉಳಿಸಿದುದರ ಬಹುಪಾಲನ್ನು ತೂಕದ ಇಳಿಕೆ ನುಂಗಿತು. ಹೊರುವಾಗ ಹಗುರ, ಹಾರಿಸುವಾಗ ಭಾರ. ಹೊರುವಾಗ ಭಾರ, ಹಾರಿಸುವಾಗ ಹಗುರ. ಎರಡೂ ಸುಖವನ್ನು ಒಂದೇ ಆಯುಧ ಕೊಡಲಾರದು.

ಒದೆತವು ಗುರಿಯನ್ನು ಕೆಡಿಸುವ ಬಗೆಯೂ ವಿಚಾರಾರ್ಹವಾಗಿದೆ. ಸುಮಾರು 150 ಮಿಲಿಮೀಟರ್ ಉದ್ದದ ವೆಬ್ಲೆಯ ನಳಿಗೆಯನ್ನು ಗುಂಡು ದಾಟುವಷ್ಟರಲ್ಲಿ, 64 ಪಟ್ಟು ಭಾರವಾದ ಆಯುಧವು ಹಿಂದೆ ಸರಿಯುವುದು ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ಅಷ್ಟೇ. ಕೈಗೆ ಒದೆತದ ಅರಿವಾಗುವ ಹೊತ್ತಿಗೆ ಗುಂಡು ಹೊರಟುಹೋಗಿರುತ್ತದೆ. ಹಾಗಾದರೆ ಒದೆತದಿಂದ ಗುರಿ ತಪ್ಪುವುದು ಹೇಗೆ? ಹೆಚ್ಚಾಗಿ ತಪ್ಪುವುದು ಬಂದ ಒದೆತದಿಂದಲ್ಲ, ಬರಲಿರುವ ಒದೆತದ ಭಯದಿಂದ. ಹಿಂದಿನ ಸಲ ಪೆಟ್ಟು ತಿಂದ ಕೈ ಈ ಸಲ ಕುದುರೆ ಎಳೆಯುವ ಮೊದಲೇ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ಮೂತಿ ಕೆಳಗೆ ಬಾಗುತ್ತದೆ. ಗುರಿಗೆ ತಾಗದ ಗುಂಡಿನ ಶಕ್ತಿ ಎಷ್ಟೇ ಇರಲಿ, ಗುರಿಯ ಮಟ್ಟಿಗೆ ಅದು ಸೊನ್ನೆ. ಗುರಿಯ ಆಚೆ ಇರುವವರ ಮಟ್ಟಿಗಾದರೋ ಅದು ಅಪಾಯ.

ನಮ್ಮ ದೇಶದ ರೀತಿ

ಸ್ವತಂತ್ರ ಭಾರತದಲ್ಲಿ 1959ರ ಆಯುಧ ಕಾಯಿದೆಯೂ, ಅದರನ್ವಯ ಬಂದ 1962ರ ನಿಯಮಗಳೂ ಸೈನ್ಯದ .380 ಮತ್ತು .455 ತೋಟಾಗಳನ್ನು ಹಾರಿಸಬಲ್ಲ ರಿವಾಲ್ವರುಗಳನ್ನು ಸಾಮಾನ್ಯ ಪರವಾನಗಿಗೆ ನಿಲುಕದ ವರ್ಗದಲ್ಲಿರಿಸಿದವು. 2016ರಲ್ಲಿ ಹೊಸ ನಿಯಮಗಳು ಬಂದವು; 2019ರ ತಿದ್ದುಪಡಿಯು ಒಬ್ಬ ಪರವಾನಗಿದಾರನು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆಯನ್ನು ಸಾಮಾನ್ಯವಾಗಿ ಮೂರರಿಂದ ಎರಡಕ್ಕೆ ಇಳಿಸಿತು. ಹೀಗಾಗಿ ನಾಗರಿಕರಿಗೆಂದು ಸರ್ಕಾರಿ ಕಾರ್ಖಾನೆಗಳು ತಯಾರಿಸಿದ ರಿವಾಲ್ವರುಗಳು ಮುಖ್ಯವಾಗಿ .32 ಅಳತೆಯವು. 2014ರಲ್ಲಿ ಕಾನ್ಪುರದ ಕಾರ್ಖಾನೆಯಿಂದ ಮಹಿಳೆಯರ ಆತ್ಮರಕ್ಷಣೆಗೆಂದು ‘ನಿರ್ಭೀಕ್’ ಎಂಬ .32 ರಿವಾಲ್ವರು ಹೊರಬಂದಿತು. ಅದರ ತೂಕ ಸುಮಾರು 500 ಗ್ರಾಂ. ತೋಟಾ ಅದೇ ಆಗಿದ್ದು ಆಯುಧ 700ರಿಂದ 500 ಗ್ರಾಂಗೆ ಇಳಿದಾಗ ಕೈಯ ಒದೆತ 1.3ರಿಂದ 1.9 ಜೂಲಿಗೆ ಏರುತ್ತದೆ. ಎನ್‌ಫೀಲ್ಡ್ ಕಲಿಸಿದ ಪಾಠವೇ ಇಲ್ಲಿಯೂ ಕಾಣುತ್ತದೆ. ಆದರೆ ತೋಟಾ ಚಿಕ್ಕದಾದುದರಿಂದ ಈ ಏರಿಕೆ ತಾಳಬಲ್ಲ ಮಿತಿಯಲ್ಲಿದೆ.

ತೋಟದ ಕೋವಿಗೆ ಈ ಲೆಕ್ಕದ ಅನ್ವಯ

ಹಾಗಾದರೆ ಕರಾವಳಿಯ ಮನೆಗಳಿಗೆ ದೊಡ್ಡ ರಿವಾಲ್ವರುಗಳ ಲೆಕ್ಕದಿಂದ ಏನು ಪ್ರಯೋಜನ? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಕೋವಿಯು ಬೇಟೆಯ ಸಾಧನವಾಗಿ ಉಳಿಯಲಿಲ್ಲ. ಮಂಗ, ಹಂದಿಗಳನ್ನು ಸದ್ದಿನಿಂದ ಬೆದರಿಸಿ ಓಡಿಸುವುದೇ ಅದರ ಮುಖ್ಯ ಕೆಲಸ. ಆದರೂ ಎರಡು ಮಾತುಗಳು ಇಲ್ಲಿ ನೇರವಾಗಿ ಅನ್ವಯಿಸುತ್ತವೆ.

ಮೊದಲನೆಯದು ಹಿಡಿತದ ಮಾತು. ಕೋವಿಯನ್ನು ಭುಜಕ್ಕೆ ಅವುಚಿ ಹಿಡಿಯಬೇಕೆಂದು ಹಿರಿಯರು ಹೇಳುವುದರಲ್ಲಿ ಶುದ್ಧ ಭೌತವಿಜ್ಞಾನವಿದೆ. ಸಡಿಲವಾಗಿ ಹಿಡಿದ 3 ಕಿಲೋಗ್ರಾಂ ಕೋವಿಯು ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಿಂದ, 23 ಜೂಲ್ ಶಕ್ತಿಯೊಡನೆ ಬಂದು ಎಲುಬಿಗೆ ಬಡಿಯುತ್ತದೆ. ಅವುಚಿ ಹಿಡಿದಾಗ ಮೈಯ ಹತ್ತು ಕಿಲೋಗ್ರಾಂ ತೂಕ ಅದರೊಡನೆ ಕೂಡಿತೆಂದು ಭಾವಿಸಿದರೆ, ಒಟ್ಟು 13 ಕಿಲೋಗ್ರಾಂ ಹಿಂದೆ ಸರಿಯುವ ವೇಗ ಸೆಕೆಂಡಿಗೆ 0.9 ಮೀಟರಿಗೆ, ಶಕ್ತಿ ಸುಮಾರು 5 ಜೂಲಿಗೆ ಇಳಿಯುತ್ತದೆ. ಸಂವೇಗ ಅದೇ, ಬಡಿತ ತಳ್ಳುವಿಕೆಯಾಗಿ ಮಾರ್ಪಟ್ಟಿತು.

ಎರಡನೆಯದು ಅಳತೆಯ ಮಾತು. ತೋಟಾದಲ್ಲಿ ಮದ್ದು, ಗುಂಡುಗಳನ್ನು ಕಾರ್ಖಾನೆಯೇ ಅಳೆದಿರುತ್ತದೆ. ಬಾಯಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯಲ್ಲಿ ಅಳೆಯುವವನು ಮನುಷ್ಯನೇ. ಹೆಚ್ಚು ತುಂಬಿದರೆ ಹೆಚ್ಚು ಬಲವೆಂಬ ಆಸೆಯಾಗಲಿ, ಮೊದಲೇ ತುಂಬಿದೆಯೆಂಬ ಮರೆವಾಗಲಿ ಅಲ್ಲಿ ಅನರ್ಥಕ್ಕೆ ಎಡೆಗೊಡುತ್ತದೆ. ಚರೆಯನ್ನು ಇಮ್ಮಡಿ ತುಂಬಿ ಅಷ್ಟೇ ವೇಗದಲ್ಲಿ ಕಳುಹಿಸಿದರೆ ಸಂವೇಗ ಇಮ್ಮಡಿ. ಕೋವಿಯ ತೂಕ ಬದಲಾಗದುದರಿಂದ ಒದೆತದ ಶಕ್ತಿ ನಾಲ್ಮಡಿ. ಅದಕ್ಕೂ ಮಿಗಿಲಾಗಿ, ಒಳಗಿನ ಅನಿಲದ ಒತ್ತಡವು ನಳಿಗೆಯ ಕಬ್ಬಿಣದ ತಾಳಿಕೆಯನ್ನು ಮೀರಿದರೆ ಬಲವೂ ಇಲ್ಲ, ಒದೆತವೂ ಇಲ್ಲ. ಕೋವಿಯೇ ಒಡೆದು ಹಿಡಿದವನ ಮುಖಕ್ಕೆ ಸಿಡಿಯುತ್ತದೆ. ತುಂಬುವ ಮೊದಲು ಗಜವನ್ನು ನಳಿಗೆಗೆ ಇಳಿಬಿಟ್ಟು ಒಳಗೆ ಖಾಲಿಯಿದೆಯೇ ಎಂದು ನೋಡುವ ಹಳಬರ ಪದ್ಧತಿ ಈ ಕಾರಣದಿಂದ ಅಮೂಲ್ಯವಾದುದು.

ತರಗತಿಯಲ್ಲಿ

ಈ ಪಾಠವನ್ನು ಕಲಿಸಲು ಶಾಲೆಗೆ ಕೋವಿ ಬೇಕಾಗಿಲ್ಲ, ತರಲೂ ಬಾರದು. ಉರುಳುವ ಎರಡು ಚಿಕ್ಕ ಬಂಡಿಗಳು, ನಡುವೆ ಒತ್ತಿ ಕಟ್ಟಿದ ಒಂದು ಸ್ಪ್ರಿಂಗು, ಕೆಲವು ತೂಕದ ಕಲ್ಲುಗಳು ಸಾಕು. ದಾರವನ್ನು ಕತ್ತರಿಸಿದಾಗ ಎರಡು ಬಂಡಿಗಳೂ ಬೇರೆಯಾಗಿ ಓಡುತ್ತವೆ. ಒಂದಕ್ಕೆ ಕಲ್ಲು ಹೇರಿ, ಯಾವುದು ಎಷ್ಟು ದೂರ ಓಡಿತೆಂದು ಅಳೆದರೆ ಹಗುರವಾದುದೇ ಶಕ್ತಿಯ ದೊಡ್ಡ ಪಾಲನ್ನು ಕೊಂಡೊಯ್ಯುವುದು ಕಣ್ಣಿಗೆ ಕಾಣುತ್ತದೆ. ಬಳಿಕ ಮೇಲಿನ ಪಟ್ಟಿಯನ್ನು ಹಲಗೆಯ ಮೇಲೆ ಬರೆದು, ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ತೋಟಾದ ಒದೆತವನ್ನು ಲೆಕ್ಕ ಹಾಕಲು ಹೇಳಬಹುದು. ತೆರೆಯ ಮೇಲೆ ಒಂದೇ ಕೈಯಲ್ಲಿ ಭಾರಿ ರಿವಾಲ್ವರನ್ನು ಸಲೀಸಾಗಿ ಹಾರಿಸುವ ನಾಯಕನನ್ನು ಕಂಡು ಬೆರಗಾಗುವ ಹುಡುಗನು ತನ್ನ ಕೈಯಾರೆ 44 ಜೂಲ್ ಎಂದು ಬರೆದ ಮೇಲೆ ಅದೇ ಬೆರಗನ್ನು ಇಟ್ಟುಕೊಳ್ಳಲಾರನು.

ಬಲವನ್ನು ಎಲ್ಲರೂ ಗುರಿಯ ಕಡೆಯಿಂದ ಅಳೆಯುತ್ತಾರೆ. ಅದರ ಬೆಲೆಯನ್ನು ಹಿಡಿದ ಕೈಯ ಕಡೆಯಿಂದಲೂ ಅಳೆದಾಗಲೇ ಲೆಕ್ಕ ಪೂರ್ಣವಾಗುತ್ತದೆ. ಒಂದೂವರೆ ಶತಮಾನದಿಂದ ತೋಟಾಗಳ ಬಲ ಏರುತ್ತಲೇ ಬಂದಿದೆ. ಮನುಷ್ಯನ ಮಣಿಕಟ್ಟು ಅಂದಿನಷ್ಟೇ ಇದೆ. ದಡಕ್ಕೆ ನೆಗೆಯುವ ಮುನ್ನ ದೋಣಿಯ ತೂಕವನ್ನು ನೆನೆಯಬೇಕೆಂಬುದು ಅಘನಾಶಿನಿಯ ದಂಡೆಯ ಹುಡುಗನು ಬಲ್ಲ ಪಾಠ. ಅದನ್ನು ಅಂಕಿಗಳಲ್ಲಿ ಬರೆದು ತೋರಿಸುವುದು ಶಾಲೆಯ ಕೆಲಸ.